ಕಾರ್ಟೂನು ನೋಡಲು ಜಪಾನಿಗೆ ಹೊರಟವರಿಗೆ

ಮದ್ದೂರು, ಭೀಮನಬೀಡು, ಗುಂಡ್ಲುಪೇಟೆ, ಚಾಮರಾಜನಗರದ ಅನಿಮೆ ಗೆಳೆಯ ಗೆಳತಿಯರಿಗೆ,

ನಾನು ಮದ್ದೂರಿನವನು. ವಡೆಯ ಮದ್ದೂರಲ್ಲ. ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ದಾರಿಯಲ್ಲಿ, ಕಾಡು ಶುರುವಾಗುವ ಕಡೆ ಚೆಕ್‌ಪೋಸ್ಟ್ ಇರುವ ನಮ್ಮ ಮದ್ದೂರು. ನೀವೊಂದಷ್ಟು ಜನ ಸೇರಿ ಜಪಾನಿಗೆ ಹೋಗುವ ಲೆಕ್ಕಾಚಾರದಲ್ಲಿದ್ದೀರಿ ಎಂದು ಅಕ್ಕನ ಮಗ ಹೇಳಿದ, ನಿಮ್ಮ ಪಟ್ಟಿಯನ್ನೂ ತೋರಿಸಿದ. ಟೋಕಿಯೊ, ಕಾಮಾಕುರ, ಫ್ಯೂಜಿ, ಕ್ಯೋಟೊ, ಒಸಾಕ, ಅಲ್ಲಿಂದ ಕುಮಾಮೊಟೊದ ಲೂಫಿ ಪ್ರತಿಮೆ, ಎಲ್ಲವೂ ಒಂದೇ ವಾರದಲ್ಲಿ! ಇದು ಪ್ರವಾಸವಲ್ಲ ಕಣ್ರಪ್ಪ, ಕೊರಿಯರ್ ಕೆಲಸ. ನಾನು ಜಪಾನಿಗೆ ಹೋದವನಲ್ಲ. ಓದಿದವನು, ನೋಡಿದವನು, ಅಷ್ಟೆ. ಆದರೂ ಬರೆಯುತ್ತಿದ್ದೇನೆ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು ಮನೆಯವರ ವಿಚಾರ ಮುಗಿಸಿಬಿಡೋಣ. 'ಕಾರ್ಟೂನು ನೋಡೋಕೆ ಲಕ್ಷಗಟ್ಟಲೆ ಸುರಿದು ಜಪಾನಿಗಾ?' ಎಂದು ನಿಮ್ಮ ಅಪ್ಪಂದಿರು ಕೇಳುತ್ತಿದ್ದಾರಂತೆ. ಅವರಿಗೆ ಒಂದು ಮಾತು ನೆನಪಿಸಿ. ರಾಜಕುಮಾರ್ ಹುಟ್ಟಿ ಬೆಳೆದ ಮನೆ ನೋಡಲು ಚಾಮರಾಜನಗರ ದಾಟಿ, ತಾಳವಾಡಿ ಹಾದು, ತಮಿಳುನಾಡಿನ ಗಾಜನೂರಿಗೆ ಹೋಗಿಬಂದವರು ಇದೇ ಅಪ್ಪಂದಿರಲ್ಲವೇ? ರಾಮನಗರದ ಬಂಡೆಗಳನ್ನು ಕಂಡೊಡನೆ 1975ರ 'ಶೋಲೆ'ಯ ಗಬ್ಬರ್‌ಸಿಂಗನ ಮಾತು ಹೇಳದವರು ಯಾರಿದ್ದಾರೆ? ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಚಿತ್ರೀಕರಣವಾಗಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಜನ ಹೋಗಿ ನೋಡುತ್ತಿದ್ದಾರೆ. ಕತೆ ನಡೆದ ಜಾಗಕ್ಕೆ ಹೋಗಿ ನಿಲ್ಲಬೇಕು ಅನ್ನುವ ಆಸೆ ಹೊಸದಲ್ಲ. ಇನ್ನು ಕಾರ್ಟೂನಿನ ವಿಷಯಕ್ಕೆ ಬಂದರೆ, 1990ರ ದಶಕದಲ್ಲಿ ಭಾನುವಾರ ಬೆಳಗ್ಗೆ ನಾವೆಲ್ಲ ದೂರದರ್ಶನದ ಮುಂದೆ ಕೂತು ನೋಡಿದ ಮೋಗ್ಲಿಯ 'ಜಂಗಲ್ ಬುಕ್' ಇದೆಯಲ್ಲ, ಅದು ನಿಪ್ಪಾನ್ ಆನಿಮೇಷನ್ ಎಂಬ ಜಪಾನಿ ಸಂಸ್ಥೆ ಮಾಡಿದ್ದು. ಹಿಂದಿ ಹಾಡು ಮಾತ್ರ ನಮ್ಮ ಗುಲ್ಜಾರ್ ಅವರದು. ಅಂದರೆ ನಿಮಗಿಂತ ಮುಂಚೆ ನಿಮ್ಮಪ್ಪಂದಿರೇ ಅನಿಮೆ ನೋಡಿದ್ದಾರೆ, ಹೆಸರು ಗೊತ್ತಿರಲಿಲ್ಲ.

ಈಗ ನನಗೆ ಈ ಪತ್ರ ಬರೆಯುವ ಅಧಿಕಾರ ಎಲ್ಲಿಂದ ಬಂತು ಎಂಬ ಮಾತಿಗೆ ಬರುತ್ತೇನೆ. ನನ್ನ ಹೊಲ ಹೆದ್ದಾರಿಯ ಪಕ್ಕದಲ್ಲಿದೆ. ಮುಂಗಾರಿಗೆ ಮುಂಚಿನ ಮಳೆಗೆ ಬಿತ್ತಿದ ಸೂರ್ಯಕಾಂತಿ ಜೂನ್ ಕೊನೆ, ಜುಲೈ ಹೊತ್ತಿಗೆ ಅರಳುತ್ತದೆ. ಆಚೆ ಬದಿಯ ಹೊಲಗಳಲ್ಲಿ ಬಣ್ಣದ ಕಾರ್ಖಾನೆಗೆ ಹೋಗುವ ಚೆಂಡುಹೂವು. ಅಲ್ಲಿಂದ ಓಣಂವರೆಗೂ ವಯನಾಡು, ಕೋಳಿಕ್ಕೋಡ್ ಕಡೆಯ ಕಾರುಗಳು ರಸ್ತೆಯ ಎರಡೂ ಬದಿಗೆ ನಿಂತಿರುತ್ತವೆ. ಊಟಿಗೆ ಹೋಗುವ ಬೆಂಗಳೂರಿನವರಿಗೂ ಗುಂಡ್ಲುಪೇಟೆ ಸುತ್ತಿನ ಹೂವಿನ ಹೊಲ ಈಗ ಒಂದು ನಿಲ್ದಾಣ. ಸಿನಿಮಾದಲ್ಲಿ ನೋಡಿದ್ದು, ರೀಲ್ಸಿನಲ್ಲಿ ನೋಡಿದ್ದು, ಅದೇ ಚಿತ್ರ ತಮ್ಮ ಮುಖದೊಂದಿಗೆ ಬೇಕು. ತಪ್ಪೇನಿಲ್ಲ. ಕೆಲವರು ಹೊಲದ ಬದುವಿನ ಮೇಲೆ ನಿಂತು, 'ಚೇಟ್ಟಾ, ಒಳಗೆ ಬರಲಾ' ಎಂದು ಕೇಳುತ್ತಾರೆ, ಎಳನೀರು ಕುಡಿಯುತ್ತಾರೆ, ಮಾತಾಡುತ್ತಾರೆ. ಇನ್ನು ಕೆಲವರು ಬೇಲಿ ಎತ್ತಿ ನುಗ್ಗಿ, ಸಾಲು ತುಳಿದು, ಮಗುವಿನ ಕೈಗೆ ಕೊಡಲು ನಾಲ್ಕು ಹೂ ಮುರಿದು, ನೀರಿನ ಬಾಟಲಿ ಅಲ್ಲೇ ಎಸೆದು ಹೋಗುತ್ತಾರೆ. ಅದಕ್ಕೇ ಅನೇಕರು 'ಫೋಟೊಗೆ ತಲೆಗೆ ಇಷ್ಟು' ಎಂದು ಬೋರ್ಡ್ ಹಾಕಿದ್ದು. ಬೆಲೆ ಬಿದ್ದ ವರ್ಷ ನನಗೆ ಆ ಫೋಟೊ ದುಡ್ಡೇ ಕೂಲಿಗೆ ಒದಗಿದ್ದೂ ಉಂಟು, ಸುಳ್ಳು ಹೇಳಬಾರದು. ಬರುವವರಿಂದ ಬದುಕುವುದೂ ಬರುವವರಿಂದ ಬೇಸರ ಪಡುವುದೂ ನಮ್ಮ ರಸ್ತೆಯಲ್ಲಿ ಒಟ್ಟಿಗೇ ಇದೆ. ನೀವು ಈ ಬದುವಿನ ಮೇಲೆ ಬೆಳೆದ ಮಕ್ಕಳು. ಜಪಾನಿನಲ್ಲಿ ನೀವೇ ಕಾರಿನಿಂದ ಇಳಿಯುವವರಾಗುತ್ತೀರಿ. ನಿಮ್ಮ ಪಟ್ಟಿಯನ್ನು ಹೊಲದವನ ಕಣ್ಣಿನಿಂದ ಇನ್ನೊಮ್ಮೆ ಓದಿ ಎನ್ನುವುದಷ್ಟೇ ನನ್ನ ಮಾತು.

ಓದಿದರೆ ಮೊದಲು ಹೊಡೆದುಹಾಕಬೇಕಾದ್ದು ಕಾಮಾಕುರದ ರೈಲ್ವೆ ಗೇಟು. 'ಸ್ಲ್ಯಾಮ್ ಡಂಕ್' ಟಿವಿ ಸರಣಿಯ ಆರಂಭದ ಹಾಡಿನಲ್ಲಿ ಬರುತ್ತದಲ್ಲ, ಹಿಂದೆ ಸಮುದ್ರ, ಮುಂದೆ ಹಾದುಹೋಗುವ ಎನೊಡೆನ್ ಹಸಿರು ರೈಲು, ಅದೇ ಗೇಟು. ಕಾಮಾಕುರ ಕೊಕೊಮಾಯೆ ನಿಲ್ದಾಣದ ಪಕ್ಕದಲ್ಲಿದೆ. 2022ರ ಡಿಸೆಂಬರಿನಲ್ಲಿ 'ದ ಫಸ್ಟ್ ಸ್ಲ್ಯಾಮ್ ಡಂಕ್' ಸಿನಿಮಾ ಬಂದ ಮೇಲೆ ಅಲ್ಲಿ ಕಾಲಿಡಲು ಜಾಗವಿಲ್ಲ. ಜನ ನಡುರಸ್ತೆಯಲ್ಲಿ ನಿಂತು ಫೋಟೊ ತೆಗೆಯುತ್ತಾರೆ, ಮನೆಗಳ ಅಂಗಳಕ್ಕೆ ನುಗ್ಗುತ್ತಾರೆ, ನಗರಾಡಳಿತ ಕಾವಲುಗಾರರನ್ನು ನಿಲ್ಲಿಸಬೇಕಾಯಿತು. ಇಷ್ಟಕ್ಕೂ ಅದು ಮಕ್ಕಳು ಹೈಸ್ಕೂಲಿಗೆ ಓಡಾಡುವ ಸಾಮಾನ್ಯ ರಸ್ತೆ. ಫ್ಯೂಜಿಯ ಬುಡದ ಕವಾಗುಚಿಕೊದಲ್ಲಿ ಒಂದು ಲಾಸನ್ ಅಂಗಡಿಯ ಹಿಂದೆ ಪರ್ವತ ಕಾಣುವ ಫೋಟೊಗಾಗಿ ಇದೇ ಗಲಾಟೆಯಾಗಿ, 2024ರ ಮೇ ತಿಂಗಳಲ್ಲಿ ಆ ಊರಿನವರು ಎರಡೂವರೆ ಮೀಟರ್ ಎತ್ತರದ ಕಪ್ಪು ಪರದೆ ಕಟ್ಟಿದರು. ಅದೇ ವರ್ಷ ಕ್ಯೋಟೊದ ಗಿಯೋನ್‌ನಲ್ಲಿ ಖಾಸಗಿ ಗಲ್ಲಿಗಳಿಗೆ ಪ್ರವಾಸಿಗರು ಬಂದರೆ 10,000 ಯೆನ್ ದಂಡ ಎಂದು ಬೋರ್ಡ್ ಬಿತ್ತು. ಜಪಾನಿನವರಿಗೆ ನಮ್ಮ ಮೇಲೆ ಸಿಟ್ಟು ಎಂದುಕೊಳ್ಳಬೇಡಿ. ನಮ್ಮಲ್ಲೂ 2025ರ ಆಗಸ್ಟಿನಲ್ಲಿ ಬಂಡೀಪುರದ ಕೆಕ್ಕನಹಳ್ಳ ರಸ್ತೆಯಲ್ಲಿ ಆನೆಯ ಮುಂದೆ ಸೆಲ್ಫಿಗೆ ಇಳಿದವನು ಅದರ ತುಳಿತಕ್ಕೆ ಸಿಕ್ಕಿಯೂ ಹೇಗೋ ಬದುಕಿದ, ಆಮೇಲೆ ಅರಣ್ಯ ಇಲಾಖೆಗೆ 25,000 ರೂಪಾಯಿ ದಂಡ ಕಟ್ಟಿದ. ವಿಡಿಯೊ ನೋಡಿ ನೀವೇ ಬೈದಿರಿ. ಕಾಮಾಕುರಕ್ಕೆ ಹೋಗಲೇಬೇಕೆಂದರೆ ವಾರದ ನಡುವೆ, ಬೆಳಗಿನ ಜಾವ ಹೋಗಿ, ಒಂದು ರೈಲು ಹಾಯುವುದನ್ನು ನೋಡಿ, ಸಮುದ್ರದ ಕಡೆ ನಡೆದುಬಿಡಿ.

ಅದರ ಬದಲಿಗೆ ನಾನು ಕಳಿಸುವುದಾದರೆ ಓಆರೈಗೆ ಕಳಿಸುತ್ತೇನೆ. ಟೋಕಿಯೊದಿಂದ ಮಿತೊವರೆಗೆ ಜೋಬಾನ್ ಮಾರ್ಗದ ವೇಗದ ರೈಲು, ಅಲ್ಲಿಂದ ಕಾಶಿಮಾ ರಿಂಕಾಯ್ ಎಂಬ ಪುಟ್ಟ ರೈಲಿನಲ್ಲಿ ಕಾಲು ಗಂಟೆ. ಇಬಾರಕಿ ಪ್ರಾಂತ್ಯದ ಮೀನುಗಾರರ ಊರು. 2011ರ ಮಾರ್ಚಿನ ಸುನಾಮಿ ಅಲ್ಲಿಗೂ ನುಗ್ಗಿತ್ತು; ಬೇಸಿಗೆಯಲ್ಲಿ ಕಡಲಿಗೆ ಬರುತ್ತಿದ್ದವರು ಭಯದಿಂದ ಬರುವುದು ಬಿಟ್ಟರು. 2012ರಲ್ಲಿ 'ಗರ್ಲ್ಸ್ ಉಂಡ್ ಪಾಂಜರ್' ಬಂತು. ಹೈಸ್ಕೂಲಿನ ಹುಡುಗಿಯರು ಟ್ಯಾಂಕ್ ಓಡಿಸುವುದನ್ನೇ ಆಟವನ್ನಾಗಿ ಆಡುವ ವಿಚಿತ್ರ ಕತೆ. ಅದರ ನಾಲ್ಕನೇ ಕಂತಿನಲ್ಲಿ ಟ್ಯಾಂಕುಗಳು ಓಆರೈ ಬೀದಿಗಳಲ್ಲೇ ಕಾದಾಡುತ್ತವೆ, ಒಂದು ಹೋಗಿ ಸಾಕಾನಾಯ ಎಂಬ ತಂಗುಮನೆಗೆ ಗುದ್ದುತ್ತದೆ. ಆ ತಂಗುಮನೆ ನಿಜವಾಗಿ ಆ ಬೀದಿಯಲ್ಲಿದೆ! ತಮ್ಮ ಮನೆ ಪುಡಿಯಾದದ್ದನ್ನು ಪರದೆಯ ಮೇಲೆ ನೋಡಿ ಖುಷಿಪಟ್ಟ ಊರು ಇನ್ನೊಂದಿರಲಿಕ್ಕಿಲ್ಲ. ಅಂಗಡಿಯವರು ಸೇರಿ ಒಂದೊಂದು ಪಾತ್ರದ ಆಳೆತ್ತರದ ರಟ್ಟಿನ ಚಿತ್ರವನ್ನು ಒಂದೊಂದು ಅಂಗಡಿಯ ಬಾಗಿಲಿಗೆ ನಿಲ್ಲಿಸಿದರು. ಅಭಿಮಾನಿ ತನಗೆ ಇಷ್ಟವಾದ ಹುಡುಗಿಯನ್ನು ನೋಡಲು ತರಕಾರಿ ಅಂಗಡಿಗೋ ಮಿಠಾಯಿ ಅಂಗಡಿಗೋ ಹೋಗಬೇಕು; ಹೋದಮೇಲೆ ಅಂಗಡಿಯ ಅಜ್ಜಿಯ ಜತೆ ಮಾತಾಡದೆ ಬರುವುದು ಹೇಗೆ? ನವೆಂಬರಿನಲ್ಲಿ ಅಂಕೊ ಎಂಬ ಕಡಲಮೀನಿನ ಹಬ್ಬ ನಡೆಯುತ್ತದೆ. ಊರಿನ ಹಳೆಯ ಹಬ್ಬ, ಈಗ ಅಭಿಮಾನಿಗಳದೂ ಆಗಿದೆ. ಹೂವಿನ ಹೊಲದವನಾಗಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸಿದ ಬುದ್ಧಿವಂತಿಕೆ ಇದು. ಬಂದವನನ್ನು ಬೀದಿಯಲ್ಲಿ ನಿಲ್ಲಿಸಿ ಫೋಟೊ ತೆಗೆಸಿ ಕಳಿಸಲಿಲ್ಲ, ಅಂಗಡಿಯ ಒಳಗೆ ಕರೆದರು. ನಮ್ಮ ಹೆದ್ದಾರಿಯ ಬದಿಯಲ್ಲಿ ಬೋರ್ಡ್ ಹಾಕಿ ದುಡ್ಡು ಎಣಿಸುವ ನಮಗೆ ಇದು ಹೊಳೆಯಲಿಲ್ಲ.

ಓಆರೈಗಿಂತ ಮುಂಚೆ ಈ ದಾರಿ ತೋರಿಸಿದ್ದು ಸೈತಾಮಾದ ವಾಶಿನೊಮಿಯಾ ಎಂಬ ಶಿಂಟೊ ದೇಗುಲದ ಊರು. 2007ರಲ್ಲಿ 'ಲಕ್ಕಿ ಸ್ಟಾರ್' ಸರಣಿಯಲ್ಲಿ ಆ ದೇಗುಲ ಕಾಣಿಸಿಕೊಂಡಿತು. 2008ರ ಹೊಸವರ್ಷದ ದರ್ಶನಕ್ಕೆ 3 ಲಕ್ಷ ಜನ ಬಂದರು. ಊರಿನವರು ಹೆದರಿ ಬಾಗಿಲು ಹಾಕಲಿಲ್ಲ, ಸರಣಿಯ ಪಾತ್ರಗಳ ಚಿತ್ರವಿರುವ ಪಲ್ಲಕ್ಕಿಯನ್ನೇ ಊರಿನ ಉತ್ಸವಕ್ಕೆ ಸೇರಿಸಿದರು, ಅದನ್ನು ಹೊತ್ತವರು ಅಭಿಮಾನಿಗಳೇ. ಶಿಕೊಕು ದ್ವೀಪದ 88 ದೇವಾಲಯಗಳ ಯಾತ್ರೆಯ ಮಾದರಿಯಲ್ಲಿ, ಅನಿಮೆ ಟೂರಿಸಂ ಅಸೋಸಿಯೇಷನ್ ಎಂಬ ಸಂಸ್ಥೆ ಪ್ರತಿ ವರ್ಷ 88 ಅನಿಮೆ ಜಾಗಗಳ ಪಟ್ಟಿ ಮಾಡುತ್ತದೆ. ಪಟ್ಟಿ ಬೇಕಿದ್ದವರು ಅದನ್ನು ನೋಡಬಹುದು; ಆದರೆ ನೂರೆಂಟು ಹೆಸರು ಬರೆದುಕೊಂಡ ಕಾರಣಕ್ಕೇ ನಿಮ್ಮ ಪ್ರವಾಸ ಹೀಗಾಗಿದ್ದು.

ನನ್ನ ಆಸೆಯ ಜಾಗ ಬೇರೆ. ಅದು ನಿಮ್ಮ ಪಟ್ಟಿಯಲ್ಲಿಲ್ಲ, ಕಾಡಂಚಿನ ಹುಡುಗರಾದ ನೀವು ಅದನ್ನೇ ಬಿಟ್ಟಿರುವುದು ನನಗೆ ಸರಿಬರಲಿಲ್ಲ. ಟೋಕಿಯೊ ಮತ್ತು ಸೈತಾಮಾ ಗಡಿಯಲ್ಲಿ ಸಾಯಾಮಾ ಗುಡ್ಡಗಳಿವೆ. ಮಿಯಾಜಾಕಿ ಹಯಾವೊ ಅವರ ಮನೆ ಇರುವ ತೊಕೊರೊಜಾವಾ ಆ ಗುಡ್ಡಗಳ ಬದಿಯ ಊರು. ಅವರು ಮಾಡಿದ 1988ರ 'ಮೈ ನೈಬರ್ ಟೊಟೊರೊ' ಸಿನಿಮಾದಲ್ಲಿ ಬರುವ ಮರಗಳು, ಗದ್ದೆಗಳು, ಮಳೆಯ ಬಸ್‌ಸ್ಟಾಪು ಆ ಕಡೆಯ ಸೀಮೆಯ ನೆನಪಿನಿಂದ ಬಂದವು. ನಗರ ಬೆಳೆಯುತ್ತ ಆ ಗುಡ್ಡಗಳನ್ನು ನುಂಗತೊಡಗಿದಾಗ ಅಲ್ಲಿಯ ಜನ 1990ರಲ್ಲಿ ಟೊಟೊರೊ ಹೆಸರಿನಲ್ಲೇ ನಿಧಿ ಶುರುಮಾಡಿದರು. ಮಿಯಾಜಾಕಿ ಹೆಸರು ಬಳಸಲು ಒಪ್ಪಿದರು. ಸಾವಿರಾರು ಜನ ಕೊಟ್ಟ ಚಿಲ್ಲರೆ ದುಡ್ಡಿನಿಂದ 1991ರಲ್ಲಿ ಮೊದಲ ತುಂಡು ಕಾಡು ಕೊಂಡರು. ಈಗ ಅಂಥ ತುಂಡುಗಳು 50ಕ್ಕೂ ಹೆಚ್ಚಿವೆ. ಒಂದೊಂದಕ್ಕೂ ಟೊಟೊರೊ ಕಾಡು ಸಂಖ್ಯೆ ಇಷ್ಟು ಎಂಬ ಬೋರ್ಡ್ ಇರುತ್ತದೆ, ಅಷ್ಟೇ. ಪ್ರತಿಮೆಯಿಲ್ಲ, ಸೆಲ್ಫಿ ಪಾಯಿಂಟ್ ಇಲ್ಲ, ಟಿಕೆಟ್ ಇಲ್ಲ. ಬಿದಿರು, ಓಕ್ ಮರ, ಕಾಲುದಾರಿ. ನಿಧಿಯವರು ಕಚೇರಿ ಮಾಡಿಕೊಂಡಿರುವ ಕುರೊಸುಕೆ ಮನೆ ಎಂಬ ಹಳೆಯ ಮನೆಯಲ್ಲಿ ಮಾತ್ರ ದೊಡ್ಡದೊಂದು ಟೊಟೊರೊ ಕೂತಿದೆ; ಅದು ತೆರೆದಿರುವ ದಿನ ನೋಡಿಕೊಂಡು ಹೋಗಬೇಕು. ನಮಗೆ ಕಾಡೆಂದರೆ ಅರಣ್ಯ ಇಲಾಖೆಯದು, ಬೇಲಿಯ ಆಚೆಗಿನದು. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು, ನಮ್ಮ ಊರಿನ ಯಾರನ್ನೂ ಯಾರೂ ಕೇಳಲಿಲ್ಲ, ಕೇಳಬೇಕಿತ್ತೋ ಇಲ್ಲವೋ ಅದು ಬೇರೆ ಜಗಳ. ಒಂದು ಸಿನಿಮಾದ ಮೇಲಿನ ಪ್ರೀತಿಯಿಂದ ಜನ ಕಾಡನ್ನು ಗುಂಟೆ ಲೆಕ್ಕದಲ್ಲಿ ಕೊಂಡು ಹಾಗೇ ಬಿಟ್ಟಿರುವುದನ್ನು ನೋಡಲು, ಕೆಳಗೆ ಬೈಕ್ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಗೋಪಾಲಸ್ವಾಮಿ ಬೆಟ್ಟ ಹತ್ತಿ ಅಭ್ಯಾಸವಾದ ನಿಮಗಿಂತ ಯೋಗ್ಯರು ಯಾರು? ಅರ್ಧ ದಿನ ಅಲ್ಲಿಗೆ ಇಡಿ.

ಆಮೇಲೆ ನಾಗೊಯಾ. ಅಲ್ಲಿ ಮೆಟ್ರೊದ ಕೊನೆಯ ನಿಲ್ದಾಣ ಫುಜಿಗಾವೊಕಾದಲ್ಲಿ ಇಳಿದು ಲಿನಿಮೊ ರೈಲು ಹತ್ತಿದರೆ ಮಿಯಾಜಾಕಿಯವರ ಸ್ಟುಡಿಯೊದ ಹೆಸರಿನ ಘಿಬ್ಲಿ ಪಾರ್ಕ್. 2005ರ ವಿಶ್ವ ಮೇಳ ನಡೆದಿದ್ದ ಉದ್ಯಾನದೊಳಗೆ 2022ರ ನವೆಂಬರ್ 1ರಂದು ತೆರೆಯಿತು. ಟೊಟೊರೊದ ಸಾತ್ಸುಕಿ, ಮೇಯಿ ಇಬ್ಬರೂ ಇದ್ದ ಮನೆಯನ್ನು ಆ ಮೇಳಕ್ಕೆಂದೇ ಕಟ್ಟಿದ್ದರು, ಇಂದಿಗೂ ನಿಂತಿದೆ. ರೋಲರ್ ಕೋಸ್ಟರ್ ಹುಡುಕಬೇಡಿ. ಮರ ಕಡಿಯದೆ, ಇರುವ ದಾರಿಗಳ ನಡುವೆ ಮನೆಗಳನ್ನು ಕೂರಿಸಿದ್ದಾರೆ, ನಡೆದು ನೋಡಬೇಕು. ಟಿಕೆಟ್ ಮುಂಚೆ ತೆಗೆದುಕೊಂಡೇ ಹೋಗಬೇಕು. ನಾಗೊಯಾದಿಂದ ಹಿದಾ ರೈಲು ಹತ್ತಿದರೆ ತಾಕಾಯಾಮಾ ದಾಟಿ ಹಿದಾ ಫುರುಕಾವಾ. 'ಯುವರ್ ನೇಮ್' ಸಿನಿಮಾದ ನಾಯಕ ತಾಕಿ ಇಳಿಯುವ ರೈಲು ನಿಲ್ದಾಣ, ಅವನು ಹಳೆಯ ದಾಖಲೆ ಹುಡುಕುವ ಲೈಬ್ರರಿ ಎರಡೂ ಆ ಸಣ್ಣ ಊರಿನವು. ಲೈಬ್ರರಿಯಲ್ಲಿ ಓದುವವರಿರುತ್ತಾರೆ, ಕ್ಯಾಮೆರಾ ತೆಗೆಯುವ ಮೊದಲು ಕೌಂಟರಿನಲ್ಲಿ ಕೇಳಿ. ಅದೇ ಸಿನಿಮಾದ ಕೊನೆಯ ಮೆಟ್ಟಿಲುಗಳು ಟೋಕಿಯೊದ ಯೊತ್ಸುಯಾದಲ್ಲಿ, ಸುಗಾ ದೇಗುಲದ ಬಳಿ; ಅದೂ ಮನೆಗಳ ನಡುವಿನ ಜಾಗ, ಗಟ್ಟಿಯಾಗಿ ಕೂಗಾಡಬೇಡಿ.

ಕ್ಯೋಟೊದಲ್ಲಿ ಒಂದು ಜಾಗ ನೋಡಿ, ಒಂದು ಜಾಗಕ್ಕೆ ಹೋಗಬೇಡಿ. ನೋಡಬೇಕಾದ್ದು ಅಂತಾರಾಷ್ಟ್ರೀಯ ಮಾಂಗಾ ಮ್ಯೂಸಿಯಂ. ಮಕ್ಕಳಿಲ್ಲದೆ ಮುಚ್ಚಿಹೋದ ತಾತ್ಸುಇಕೆ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ 2006ರಲ್ಲಿ ಶುರುವಾದದ್ದು, ಕಪಾಟಿನಿಂದ ಪುಸ್ತಕ ತೆಗೆದು ಹುಲ್ಲಿನ ಮೇಲೆ ಮಲಗಿಕೊಂಡು ಓದಬಹುದು. ಹೋಗಬಾರದ ಜಾಗ ಯಾವುದೆಂದು ನಿಮಗೆ ಗೊತ್ತು. 2019ರ ಜುಲೈ 18ರಂದು ಹಚ್ಚಿದ ಬೆಂಕಿಗೆ ಕ್ಯೋಟೊ ಆನಿಮೇಷನ್ ಸ್ಟುಡಿಯೊದಲ್ಲಿ 36 ಜನ ಸತ್ತರು. ಆ ಜಾಗಕ್ಕೆ ಬರಬೇಡಿ ಎಂದು ಸಂಸ್ಥೆಯೇ ಕೇಳಿಕೊಂಡಿದೆ. ನಮಸ್ಕಾರ ಮಾಡಬೇಕೆನಿಸಿದರೆ ಉಜಿ ಊರಿನ ಉದ್ಯಾನದಲ್ಲಿ 2024ರಲ್ಲಿ ಸ್ಮಾರಕವಾಗಿದೆ, ಆ ಸಂಸ್ಥೆಯೇ ಮಾಡಿದ 'ಸೌಂಡ್! ಯೂಫೋನಿಯಂ' ಕತೆ ನಡೆಯುವ ಊರೂ ಅದೇ.

ಟೋಕಿಯೊದಲ್ಲಿ ಅನಿಮೆ ಅಂಗಡಿಗಳ ಕೇರಿಯಾದ ಅಕಿಹಾಬಾರಾ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಹೋಗೇ ಹೋಗುತ್ತೀರಿ, ಹೋಗಿ. ಹಳೆಯ ಸಾಮಾನು ಬೇಕಿದ್ದವರಿಗೆ ನಕಾನೊ ಬ್ರಾಡ್ವೇ ಮೇಲು, ಮಾಂಡರಾಕೆಯವರ ಪುಟ್ಟ ಅಂಗಡಿಗಳು ಅಲ್ಲಿ ಮಹಡಿ ಮಹಡಿಗೂ ಹರಡಿವೆ. ಬೊಂಬೆಗೆ ದುಡ್ಡು ಖರ್ಚಾಗುವುದು ಇಲ್ಲೇ, ಆದ್ದರಿಂದ ಇದನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ.

ದುಡ್ಡಿನ ಮಾತು ಬಂತು. 2023ರ ಅಕ್ಟೋಬರಿನಲ್ಲಿ ಏಳು ದಿನದ ಜೆಆರ್ ಪಾಸ್ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಮೇಲೆ ಹೇಳಿದ ಟೋಕಿಯೊ, ನಾಗೊಯಾ, ಹಿದಾ, ಕ್ಯೋಟೊ ದಾರಿಗೆ ಬಿಡಿ ಟಿಕೆಟ್ ಲೆಕ್ಕ ಹಾಕಿ ನೋಡದೆ ಪಾಸ್ ಕೊಳ್ಳಬೇಡಿ. ಕುಮಾಮೊಟೊ ಬಿಟ್ಟರೆ ಅದರ ಅಗತ್ಯವೇ ಬೀಳಲಿಕ್ಕಿಲ್ಲ. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ಜಪಾನ್ ಏರ್‌ಲೈನ್ಸಿನ ನೇರ ವಿಮಾನವಿದೆ. 2024ರ ಏಪ್ರಿಲ್ 1ರಿಂದ ಭಾರತೀಯ ಪ್ರವಾಸಿಗರಿಗೆ ಇ-ವೀಸಾ ಕೊಡುತ್ತಿದ್ದಾರೆ, ಅರ್ಜಿಯನ್ನು ವಿಎಫ್‌ಎಸ್ ಕೇಂದ್ರದ ಮೂಲಕ ಹಾಕಬೇಕು. ಇಳಿದ ಮೇಲೆ ಅದನ್ನು ಮೊಬೈಲಿನಲ್ಲಿ ಇಂಟರ್ನೆಟ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ರಜೆ, ಆಗಸ್ಟ್ ನಡುವಿನ ಒಬೊನ್ ಎರಡನ್ನೂ ತಪ್ಪಿಸಿ, ಆಗ ಜಪಾನೇ ರೈಲಿನಲ್ಲಿರುತ್ತದೆ. ನವೆಂಬರ್ ಒಳ್ಳೆಯದು: ಓಆರೈ ಹಬ್ಬ, ಮೇಪಲ್ ಎಲೆ, ನಮ್ಮಲ್ಲಿ ಹುರುಳಿ ಕೊಯ್ಲಿಗೆ ಮುಂಚೆ ವಾಪಸು. ನಿಮ್ಮಲ್ಲಿ ಅರ್ಧ ಜನ ಮಾಂಸ ಮುಟ್ಟದವರು. ಅಲ್ಲಿ ನೂಡಲ್ಸಿನ ಸಾರಿಗೂ, ತರಕಾರಿ ಬೇಯಿಸುವ ನೀರಿಗೂ ದಾಶಿ ಎಂಬ ಮೀನಿನ ರಸ ಹಾಕುತ್ತಾರೆ, ಮೇಲೆ ಕಾಣಿಸುವುದಿಲ್ಲ. ಪುಳಿಯೋಗರೆ ಗೊಜ್ಜು, ಅವಲಕ್ಕಿ ಚೀಲದಲ್ಲಿರಲಿ. ಬೀದಿಯಲ್ಲಿ ಕಸದ ಡಬ್ಬ ಸಿಗುವುದಿಲ್ಲ, ಕಸ ಹೊತ್ತುಕೊಂಡು ರೂಮಿಗೆ ಬನ್ನಿ.

ಇನ್ನೊಂದು ವಿಚಾರ, ಪ್ರವಾಸಕ್ಕೆ ನೇರ ಸಂಬಂಧವಿಲ್ಲದ್ದು. ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂದು ದಶಕಗಳ ಕಾಲ ಹಟ ಹಿಡಿದ ನಾಡು ನಮ್ಮದು. ಹಾಗಾಗಿ ನೀವು ಶಿನ್‌ಚಾನ್‌ನನ್ನು ಹಿಂದಿಯಲ್ಲೋ ತಮಿಳಿನಲ್ಲೋ ನೋಡಿ ಬೆಳೆದಿರಿ. ಯೂಗೊ ಸಾಕೊ, ರಾಮ್ ಮೋಹನ್ ಸೇರಿ ಮಾಡಿದ ಜಪಾನಿ 'ರಾಮಾಯಣ' 2025ರ ಜನವರಿಯಲ್ಲಿ ನಮ್ಮ ಥಿಯೇಟರುಗಳಿಗೆ ಬಂದದ್ದೂ ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ. 2019ರಲ್ಲಿ 'ವೆದರಿಂಗ್ ವಿತ್ ಯು' ಭಾರತದ ಥಿಯೇಟರಿಗೆ ಬಂದದ್ದು ಅಭಿಮಾನಿಗಳ ಸಹಿ ಅಭಿಯಾನದಿಂದ ಎನ್ನುವುದನ್ನು ನೀವೇ ನನಗೆ ಹೇಳಿಕೊಟ್ಟಿರಿ. ಕನ್ನಡಕ್ಕೂ ಒಮ್ಮೆ ಸಹಿ ಹಾಕಿ ನೋಡಬಾರದೇ? ಹೊರಡುವ ಮುನ್ನ ಬೆಂಗಳೂರಿನ ಜಪಾನ್ ಹಬ್ಬಕ್ಕೂ ಹೋಗಿಬನ್ನಿ. 2005ರಿಂದ ನಡೆಯುತ್ತಿದೆ, ಜಪಾನಿ ಕಲಿತ ಕನ್ನಡದವರು, ಕನ್ನಡ ಕಲಿತ ಜಪಾನಿನವರು ಇಬ್ಬರೂ ಸಿಗುತ್ತಾರೆ. 'ಒಳಗೆ ಬರಬಹುದಾ', 'ಫೋಟೊ ತೆಗೆಯಲಾ' ಎಂಬ ಎರಡು ಪ್ರಶ್ನೆಗಳನ್ನು ಜಪಾನಿಯಲ್ಲಿ ಹೇಗೆ ಕೇಳುವುದೆಂದು ಅವರಿಂದ ಬಾಯಿಪಾಠ ಮಾಡಿಕೊಳ್ಳಿ.

ಟೋಕಿಯೊದ ಮಿತಾಕಾದಲ್ಲಿರುವ ಘಿಬ್ಲಿ ಮ್ಯೂಸಿಯಂ ಬಗ್ಗೆ ಕೊನೆಯ ಸೂಚನೆ. ಬಾಗಿಲಲ್ಲಿ ಟಿಕೆಟ್ ಕೊಡುವುದಿಲ್ಲ. ಪ್ರತಿ ತಿಂಗಳ 10ನೇ ತಾರೀಖು, ಜಪಾನಿನ ಬೆಳಗ್ಗೆ 10 ಗಂಟೆಗೆ ಮುಂದಿನ ತಿಂಗಳ ಟಿಕೆಟ್ ತೆರೆಯುತ್ತದೆ. ನಮ್ಮಲ್ಲಿ ಆಗ ಬೆಳಗ್ಗೆ ಆರೂವರೆ. ದೊಡ್ಡವರಿಗೆ 1,000 ಯೆನ್. ಒಳಗೆ ಫೋಟೊ ತೆಗೆಯುವಂತಿಲ್ಲ. ನಿಮ್ಮಲ್ಲಿ ಇನ್ನೂ ಕೆಲವರ ಹತ್ತಿರ ಪಾಸ್‌ಪೋರ್ಟೇ ಇಲ್ಲವಂತೆ. ಟಿಕೆಟ್, ಹೋಟೆಲು, ರೈಲು ಎಲ್ಲದರ ಮಾತು ಆಮೇಲೆ. ಅಂಥವರು ಈ ವಾರವೇ ಅರ್ಜಿ ಹಾಕಿ, ಮೈಸೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಗೊತ್ತು ಮಾಡಿಕೊಳ್ಳಿ.

ಇತಿ,
ಮದ್ದೂರಿನ ಹೂವಿನ ಹೊಲದವನು